ಸರ್ವರ್ ತೋರಿಸದ ಹುಡುಗ

ಶೈಲೇಶ್ ಪೂಜಾರಿ ನನ್ನನ್ನು ಮೊದಲ ಸಲ ನೋಡಿದ್ದು ಕ್ಯಾಮೆರಾದ ಒಳಗಿನಿಂದ. ಅದಕ್ಕೆ ನನ್ನ ಒಪ್ಪಿಗೆಯನ್ನೂ ಅವನು ಕೇಳಿರಲಿಲ್ಲ.

ಎರಡು ಸಾವಿರದ ಹದಿನೈದರ ಜೂನ್. ಮಹಾರಾಷ್ಟ್ರದ ಠಾಣೆ ಊರಿನ ವರ್ತಕ ನಗರದಲ್ಲಿ ಅವನ ಪುಟ್ಟ ಫೋಟೋ ಸ್ಟುಡಿಯೋ. ಹೊರಗೆ ಮೊದಲ ಮಳೆಯ ಬೂದು ಬೆಳಕು, ಒಳಗೆ ಲೈಟಿಗೆ ಕಟ್ಟಿದ ಬಿಳಿ ಕೊಡೆಯ ಕೆಳಗೆ ಹಾಲಿನಂಥ ಬೆಳಕು. ಒದ್ದೆ ಛತ್ರಿ ಮಡಚುತ್ತಾ ನಾನು "ಲೀಲಾಧರಣ್ಣ ಕಳಿಸಿದ್ದು" ಎಂದದ್ದೇ ತಡ, ಅವನು ಪರದೆ ಸರಿಸಿ ಸ್ಟೂಲು ತೋರಿಸಿದ.

"ಬನ್ನಿ, ಕೂತ್ಕೊಳ್ಳಿ. ಕೂದಲು ಸ್ವಲ್ಪ ಹಿಂದೆ. ಗಲ್ಲ ಕೆಳಗೆ. ಹಾಂ, ಈಗ ನಗಿ."

"ನಾನು ಬಂದದ್ದು..."

"ನಗ್ಬೇಕು ಮೇಡಂ. ಹೀಗೆ ಸಿಟ್ಟಲ್ಲಿ ಕೂತ್ರೆ ಹುಡುಗನ ಕಡೆಯವರು ಫೋಟೋ ನೋಡಿಯೇ ಹೆದರ್ತಾರೆ."

ಫ್ಲ್ಯಾಶ್ ಮಿಂಚಿತು. ನನಗೆ ನಿಜವಾಗಿಯೂ ಸಿಟ್ಟು ಬಂತು.

"ನಾನು ಫೋಟೋ ತೆಗೆಸ್ಲಿಕ್ಕೆ ಬಂದವಳಲ್ಲ. ಸಂಘದ ವೆಬ್‌ಸೈಟಿನ ಕೋಡ್ ಬರೆಯುವವಳು. ನೀವು ಸ್ಕ್ಯಾನ್ ಮಾಡಿದ ಫೈಲು ತಗೊಂಡು ಹೋಗ್ಲಿಕ್ಕೆ ಬಂದದ್ದು."

ಅವನು ಕ್ಯಾಮೆರಾ ಇಳಿಸಿದ. ಆಗ ಕಂಡದ್ದು ಅವನ ಕಣ್ಣು. ಬೇರೆಯವರ ಮುಖದ ಮೇಲೆ ಬೆಳಕು ಎಲ್ಲಿ ಬಿದ್ದಿದೆ ಎಂದು ನೋಡಿ ನೋಡಿ ಅಭ್ಯಾಸವಾದ ಕಣ್ಣು. ಯಾವ ಅವಸರವೂ ಇಲ್ಲದೆ ನಿಂತು ನೋಡುತ್ತದೆ. ತಪ್ಪು ಮಾಡಿದವನಿಗೆ ಇರಬೇಕಾದ ಗಾಬರಿ ಅದರಲ್ಲಿ ಇರಲಿಲ್ಲ.

"ಸಾರಿ ಮೇಡಂ. ಲೀಲಾಧರಣ್ಣ ಕಳಿಸುವ ಹುಡುಗಿಯರೆಲ್ಲ ಮದುವೆ ಫೋಟೋಕ್ಕೇ ಬರುವುದು" ಎಂದು ಪರದೆಯ ಕಡೆ ತಿರುಗಿ, "ಆದ್ರೆ ಸಿಟ್ಟಲ್ಲೂ ಫೋಟೋ ಚೆನ್ನಾಗಿ ಬಂದುಂಟು" ಎಂದ.

ಇಷ್ಟು ಸಾಕಿತ್ತು, ನನ್ನ ಮನೆಯಿದ್ದ ಡೊಂಬಿವಲಿಯ ತನಕ ಲೋಕಲ್ ಟ್ರೈನಿನ ಕಿಟಕಿಯಲ್ಲಿ ನನ್ನ ಮುಖವನ್ನು ನಾನೇ ಕದ್ದು ನೋಡಿಕೊಳ್ಳಲು.

ನಮ್ಮ ಮಾತಿನ ಬಗ್ಗೆ ಒಂದು ಮಾತು. ನಮ್ಮಿಬ್ಬರದೂ ಉಡುಪಿ ಕಡೆಯ ಮನೆ, ಆದರೆ ಹುಟ್ಟಿದ್ದು ಇಲ್ಲೇ. ನಾವು ಆಡಿದ್ದು ತುಳು, ಕನ್ನಡ, ಹಿಂದಿ, ಮರಾಠಿ ಎಲ್ಲ ಸೇರಿದ ಮಿಸಳ್. ಬರೆಯುವಾಗ ಕನ್ನಡದ ಪಾಲು ಸ್ವಲ್ಪ ಜಾಸ್ತಿ ಬಡಿಸಿದ್ದೇನೆ, ಅಷ್ಟೆ.

ಸಂಘವೆಂದರೆ ಠಾಣೆಯಲ್ಲಿರುವ ನಮ್ಮ ತುಳುನಾಡಿನವರ ಸಂಘ. ಅದರ ವಧೂವರ ವಿಭಾಗದ ಕಾರ್ಯದರ್ಶಿ ಲೀಲಾಧರಣ್ಣ. ಇಪ್ಪತ್ತು ವರ್ಷಗಳ ಫಾರ್ಮು, ಜಾತಕ, ಫೋಟೋ ಎಲ್ಲ ಒಂದು ಕಬ್ಬಿಣದ ಕಪಾಟಿನಲ್ಲಿ ಗೆದ್ದಲಿಗೆ ಹೆದರಿಕೊಂಡು ಕೂತಿದ್ದವು. ಅವನ್ನೆಲ್ಲ ಕ್ಲೌಡಿಗೆ ಏರಿಸುವುದು ಎಂದು ಕಮಿಟಿ ತೀರ್ಮಾನಿಸಿತು. ಐರೋಳಿಯ ಸಾಫ್ಟ್‌ವೇರ್ ಕಂಪೆನಿಯಲ್ಲಿ ನಾನು ಮಾಡುವ ಕೆಲಸವೇ ಅದು, ಸರ್ವರ್ ಕಡೆಯ ಕೋಡ್ ಬರೆಯುವುದು. ಅಮ್ಮ ನನ್ನ ಹೆಸರು ಕೊಟ್ಟುಬಿಟ್ಟರು. ಸ್ಕ್ಯಾನಿಂಗ್ ಕೆಲಸ ಶೈಲೇಶನ ಸ್ಟುಡಿಯೋಗೆ ಹೋಯಿತು.

ಲೀಲಾಧರಣ್ಣ ಹಾಕಿದ್ದು ಒಂದೇ ಷರತ್ತು.

"ನೋಡು ರಮಿತಾ, ಒಂದೇ ಬರಿಯ ಹುಡುಗ ಹುಡುಗಿ ಒಬ್ಬರಿಗೊಬ್ಬರು ಕಾಣ್ಲೇಬಾರ್ದು. ಮತ್ತೆ ಆ ಗಲಾಟೆ ಸುಧಾರಿಸ್ಲಿಕ್ಕೆ ನನ್ನ ಕೈಲಿ ಆಗುದಿಲ್ಲ."

ಬರಿ ಎಂದರೆ ನಮ್ಮಲ್ಲಿ ಗೋತ್ರದ ಹಾಗೆ. ವ್ಯತ್ಯಾಸ ಇಷ್ಟೇ, ಅದು ಬರುವುದು ತಾಯಿಯಿಂದ. ಅಪ್ಪ ಪೂವಪ್ಪ ಸುವರ್ಣರ ಅಡ್ಡಹೆಸರು ನನಗೆ ಅಂಟಿಕೊಂಡಿದೆ, ಆದರೆ ನನ್ನ ಬರಿ ಅಮ್ಮನದು, ಕರ್ಕೇರ. ಒಂದೇ ಬರಿಯವರು ಎಲ್ಲೇ ಹುಟ್ಟಿರಲಿ, ಮುಖ ನೋಡಿರದಿದ್ದರೂ ಸರಿ, ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ.

ಷರತ್ತನ್ನು ನಾನು ಕೋಡಿನಲ್ಲಿ ಬರೆದೆ. ಚೆಂದವಾಗಿಯೇ ಬರೆದೆ.

---

ಜೂನ್, ಜುಲೈ ಶನಿವಾರಗಳೆಲ್ಲ ವರ್ತಕ ನಗರದಲ್ಲೇ ಕಳೆದವು. ಅವನು ಸ್ಕ್ಯಾನ್ ಮಾಡುತ್ತಿದ್ದ, ನಾನು ಪಕ್ಕದ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ. ಸ್ಕ್ಯಾನರಿನ ಹಸಿರು ಗೆರೆ ಗಾಜಿನ ಕೆಳಗೆ ಹೋಗಿ ಬರುವಾಗಲೆಲ್ಲ ಅವನ ಮುಖದ ಒಂದು ಬದಿ ಬೆಳಗುತ್ತಿತ್ತು. ನಾನು ಅದನ್ನು ನೋಡುತ್ತಿರಲಿಲ್ಲ. ಅಂದರೆ, ನೋಡಿದ್ದು ಅವನಿಗೆ ಗೊತ್ತಾಗುತ್ತಿರಲಿಲ್ಲ ಎಂದುಕೊಂಡಿದ್ದೆ.

"ಏಳು ಸಲ" ಎಂದ ಒಂದು ದಿನ, ತಲೆ ಎತ್ತದೆ.

"ಎಂತ ಏಳು ಸಲ?"

"ಏನಿಲ್ಲ. ಏಳು ಪೇಜ್ ಆಯ್ತು ಅಂತ ಹೇಳಿದೆ."

ಸ್ಕ್ಯಾನ್ ಆಗಿದ್ದು ಎರಡೇ ಪೇಜು. ನಾನು ಲ್ಯಾಪ್‌ಟಾಪಿನೊಳಗೆ ಮುಳುಗಿಹೋದೆ.

ಅವನಿಗೆ ನನ್ನ ಕೆಲಸದ ಬಗ್ಗೆ ವಿಪರೀತ ಕುತೂಹಲ. ಇಷ್ಟು ಜನರ ಫೋಟೋ ಎಲ್ಲಿ ಹೋಗಿ ಕೂರುತ್ತದೆ, ಯಾರು ಬೇಕಾದರೂ ನೋಡಬಹುದೇ ಎಂದು ಕೇಳಿದ. ನಾನು ಬ್ಯಾಂಕಿನ ಲಾಕರ್ ಉದಾಹರಣೆ ಕೊಟ್ಟೆ.

"ಕ್ಲೌಡಿನಲ್ಲಿ ನಮಗೆ ಅಂತ ಒಂದು ಜಾಗ ಉಂಟು, ಅದಕ್ಕೆ ಬಕೆಟ್ ಅಂತಾರೆ. ಅದರ ಕೀ ಇರುವುದು ನಮ್ಮ ಸರ್ವರ್ ಹತ್ರ ಮಾತ್ರ. ನೋಡುವವರ ಕೈಗೆ ಕೀ ಕೊಡುವುದಿಲ್ಲ. ಯಾರಾದರೂ ಫೋಟೋ ಕೇಳಿದ್ರೆ ಸರ್ವರ್ ಮೊದಲು ಇವರು ಯಾರು, ಇವರಿಗೆ ತೋರಿಸಬಹುದಾ ಅಂತ ನೋಡ್ತದೆ. ತೋರಿಸಬಹುದು ಅಂತಾದ್ರೆ ತನ್ನ ಸಹಿ ಹಾಕಿ ಒಂದು ಲಿಂಕ್ ಮಾಡಿ ಕೊಡ್ತದೆ. ಆ ಲಿಂಕ್ ಹದಿನೈದು ನಿಮಿಷ ನಡೀತದೆ, ಅಷ್ಟೆ."

"ಹದಿನೈದೇ ನಿಮಿಷ?"

"ಹೌದು."

"ಹದಿನಾರನೇ ನಿಮಿಷಕ್ಕೆ ಮತ್ತೆ ನೋಡ್ಬೇಕು ಅನಿಸಿದ್ರೆ?"

"ಮತ್ತೆ ಕೇಳ್ಬೇಕು."

"ಕೇಳಿದ್ರೆ ಕೊಡ್ತೀರಾ?"

"ಸರ್ವರ್ ಕೊಡ್ತದೆ."

"ಸರ್ವರ್ ಬಗ್ಗೆ ಯಾರು ಕೇಳಿದ್ದು" ಎಂದು ಅವನು ಸ್ಕ್ಯಾನರ್ ಮುಚ್ಚಳ ಎತ್ತಿದ. ಬೆಳಕು ನೇರ ನನ್ನ ಮೇಲೆ ಬಿತ್ತು. ಅವನು ಮುಚ್ಚಳ ಮುಚ್ಚುವುದನ್ನು ಮರೆತ ಹಾಗೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ.

ಆ ದಿನ ವಾಪಸು ಹೋಗುವಾಗ ಮುಂಬ್ರಾ ಗುಡ್ಡದ ಮೇಲಿಂದ ಸಣ್ಣ ಸಣ್ಣ ನೀರಿನ ಝರಿಗಳು ಇಳಿಯುತ್ತಿದ್ದವು. ಲೇಡೀಸ್ ಡಬ್ಬಿಯಲ್ಲಿ ನಿಲ್ಲಲು ಒಂದು ಕಾಲಿಗಷ್ಟೇ ಜಾಗ. ಆದರೂ ಟ್ರೈನ್ ಇನ್ನಷ್ಟು ನಿಧಾನ ಹೋಗಲಿ ಎಂದು ಬೇಡಿಕೊಂಡ ಒಬ್ಬಳೇ ಒಬ್ಬಳು ಪ್ರಯಾಣಿಕಳು ಅಂದು ನಾನೇ ಇರಬೇಕು. ಪ್ರೀತಿ ಎಂದು ನಾನು ಅದಕ್ಕೆ ಅಂದೇ ಹೆಸರಿಟ್ಟೆ. ಸುಮ್ಮನೆ ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ. ನನ್ನೊಳಗೆ ಹೇಳಿಕೊಳ್ಳುವಾಗ ಮಾತ್ರ, ಅವನೆದುರು ಬೇರೆ.

ಈ ನಡುವೆ ಅಮ್ಮ ನನ್ನ ಫಾರ್ಮನ್ನೂ ತುಂಬಿದರು. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ನನ್ನ ಮದುವೆಯೊಂದೇ ಅವರ ಜಪ. ಫೋಟೋ ಯಾವುದು ಹಾಕುವುದು ಎಂದಾಗ ಶೈಲೇಶ್ ಕಳಿಸಿದ್ದ ಆ ಸಿಟ್ಟಿನ ಫೋಟೋವನ್ನೇ ಅವರು ಆರಿಸಿದರು. "ಇದರಲ್ಲಿ ನೀನು ನಿನ್ನ ಹಾಗೇ ಇದ್ದಿ" ಎಂಬುದು ಅವರ ತೀರ್ಪು.

ಮುಂದಿನ ಶನಿವಾರ ವಿಷಯ ಶೈಲೇಶನಿಗೆ ಹೇಳಿದೆ. ಹೇಳುವಾಗ ಅವನ ಕೈ ನೋಡುತ್ತಿದ್ದೆ. ಒಂದು ಜಾತಕವನ್ನು ಅವನು ಗಾಜಿನ ಮೇಲೆ ತಲೆಕೆಳಗಾಗಿ ಇಟ್ಟ.

"ಅಂದ್ರೆ ನಿಮ್ಮ ಫೋಟೋ ಈಗ ಎಲ್ಲರೂ ನೋಡ್ಬಹುದು" ಎಂದ.

"ಎಲ್ಲರೂ ಅಲ್ಲ. ರಿಜಿಸ್ಟರ್ ಆದವರು."

"ರಿಜಿಸ್ಟರ್ ಆದವರ ಫೋಟೋ ನೀವೂ ನೋಡ್ತೀರಿ."

"ನೋಡ್ಬಹುದು. ಅಮ್ಮ ಸುಮ್ಮನಿರಬೇಕಲ್ಲ."

"ಚಲೋ, ಒಳ್ಳೇದು" ಎಂದ.  ಅಂದು ಅವನು ಸ್ಕ್ಯಾನ್ ಮಾಡಿದ ಮೂರು ಪುಟಗಳು ಸೊಟ್ಟಗೆ ಬಂದಿದ್ದವು ಎಂದು ಮನೆಗೆ ಹೋದ ಮೇಲೆ ಗೊತ್ತಾಯಿತು.

---

ಆಗಸ್ಟ್ ಎರಡನೇ ವಾರ ಲೀಲಾಧರಣ್ಣನ ಫೋನು. ಬೇರೆ ಏನೋ ಮಾತಾಡಿ ಕೊನೆಗೆ, "ನಮ್ಮ ಸ್ಟುಡಿಯೋದ ಹುಡುಗನೂ ಫಾರ್ಮ್ ಹಾಕಿದ್ದಾನೆ, ನೋಡಿದ್ಯಾ? ತಾನೇ ತುಂಬಿ, ತಾನೇ ಫೋಟೋ ತೆಗೆದು, ತಾನೇ ಅಪ್‌ಲೋಡ್ ಮಾಡಿದ್ದಂತೆ. ಎರಡು ವರ್ಷದಿಂದ ಅವನ ತಾಯಿ ಹೇಳಿ ಸುಸ್ತಾಗಿದ್ರು" ಎಂದರು.

ಫೋನಿಟ್ಟು ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಭಾನುವಾರ ಬೆಳಗ್ಗೆ, ಕೆಳಗೆ ಯಾರೋ ಮೀನು ಕೂಗಿಕೊಂಡು ಹೋಗುತ್ತಿದ್ದರು. ನನ್ನ ಹೆಸರಿನಲ್ಲೇ ಲಾಗಿನ್ ಆದೆ. ವರರ ಪಟ್ಟಿ ತೆರೆಯಿತು. ಕೆಳಕ್ಕೆ ಹೋದೆ, ಮೇಲೆ ಬಂದೆ, ಮತ್ತೆ ಕೆಳಕ್ಕೆ. ಕೋಟು ಹಾಕಿದವರು, ಕಾರಿಗೆ ಒರಗಿದವರು, ಘೋಡಬಂದರ್ ರಸ್ತೆಯ ಮಾಲಿನ ಮುಂದೆ ನಿಂತವರು, ಎಲ್ಲ ಇದ್ದರು. ಶೈಲೇಶ್ ಇರಲಿಲ್ಲ.

ಕೋಡಿನಲ್ಲಿ ಏನೋ ತಪ್ಪು, ಬಗ್ ಇರಬೇಕು ಎಂದುಕೊಂಡೆ. ಬಗ್ ಎಂದರೆ ನನಗೆ ಭಯವಿಲ್ಲ, ಅದು ನನ್ನ ಹೊಟ್ಟೆಪಾಡು. ಸರ್ವರಿನ ಕೀಗೆ ಆ ಫೈಲು ಓದುವ ಅನುಮತಿ ಇದೆಯೇ ನೋಡಿದೆ, ಇತ್ತು. ಸರ್ವರಿನ ಗಡಿಯಾರ ಹಿಂದೆ ಮುಂದೆ ಆಗಿ ಲಿಂಕ್ ಸತ್ತಿದೆಯೇ ನೋಡಿದೆ, ಗಡಿಯಾರ ಸರಿಯಾಗಿತ್ತು. ಅಪ್‌ಲೋಡ್ ಅರ್ಧಕ್ಕೆ ನಿಂತಿದೆಯೇ ಎಂದರೆ ಅದೂ ಇಲ್ಲ. ಬಕೆಟ್‌ನಲ್ಲಿ ಒಟ್ಟು ಇನ್ನೂರ ಹದಿನಾಲ್ಕು ವರರು. ನನ್ನ ಪುಟದಲ್ಲಿ ಕಂಡವರು ಇನ್ನೂರ ಒಂದು. ಹದಿಮೂರು ಕಡಿಮೆ.

ಆ ಹದಿಮೂರನ್ನು ತೆಗೆದು ನೋಡಿದೆ.

ಬಕೆಟ್‌ನಲ್ಲಿ ನಿಜವಾದ ಫೋಲ್ಡರುಗಳು ಇರುವುದಿಲ್ಲ. ಫೈಲಿನ ಹೆಸರೇ ಉದ್ದವಾಗಿ, ಮೊದಲು ಬರಿ, ಆಮೇಲೆ ವಧು ಅಥವಾ ವರ, ಆಮೇಲೆ ನಂಬರು ಎಂದು ಇರುತ್ತದೆ. ಹಾಗೆ ಹೆಸರಿಟ್ಟವಳು ನಾನೇ. ಲಾಗಿನ್ ಆದ ಹುಡುಗಿಯ ಬರಿಯಿಂದ ಶುರುವಾಗುವ ಹೆಸರುಗಳನ್ನೆಲ್ಲ ಬಿಟ್ಟು ಉಳಿದದ್ದನ್ನು ತೋರಿಸು ಎಂದು ಸರ್ವರಿಗೆ ಹೇಳಿಕೊಟ್ಟವಳೂ ನಾನೇ.

ಹದಿಮೂರೂ ಹೆಸರುಗಳು ಕರ್ಕೇರದಿಂದ ಶುರುವಾಗಿದ್ದವು. ಕೊನೆಯದು ಶೈಲೇಶನದು.

ಬಗ್ ಅಲ್ಲ. ಎಲ್ಲ ನಾನು ಹೇಳಿದ ಹಾಗೇ ನಡೆದಿತ್ತು. ಸರ್ವರ್ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ನಾನು ಬಯಸಿದ ಒಬ್ಬನೇ ಒಬ್ಬನನ್ನು ನನ್ನಿಂದ ಮರೆಮಾಡಿತ್ತು.

ನೀವು ಕೇಳಬಹುದು, ಇಷ್ಟೆಲ್ಲ ಓದಿದವಳು ಈ ಬರಿ ಗಿರಿ ಎಂದು ತಲೆಕೆಡಿಸಿಕೊಳ್ಳುವುದೇ ಎಂದು. ನಾನೂ ಕೇಳಿಕೊಂಡೆ. ಆದರೆ ನಾನು ಬೆಳೆದದ್ದು ಹಾಗೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಸ್ವಂತ ಅಣ್ಣನಿಲ್ಲದ ನನಗೆ ಅಮ್ಮ ರಾಖಿಯ ದಿನ ಕರ್ಕೇರ ಬರಿಯ ಹುಡುಗರನ್ನೆಲ್ಲ ಹುಡುಕಿ ಕರೆತರುತ್ತಿದ್ದರು. "ಇವನು ನಿನ್ನ ಅಣ್ಣ, ಕಟ್ಟು" ಎನ್ನುತ್ತಿದ್ದರು. ಅಪ್ಪನ ಶವಕ್ಕೆ ಹೆಗಲು ಕೊಟ್ಟವರೂ ಆ ಹುಡುಗರೇ. ಅಣ್ಣ ಎಂಬುದು ನನಗೆ ಬಾಯಿಮಾತಾಗಿರಲಿಲ್ಲ. ಅಮ್ಮನ ಎದುರು ಹೋಗಿ, ನಿಮ್ಮ ಬರಿಯ ಹುಡುಗನೇ ಬೇಕು ಎನ್ನುವ ಧೈರ್ಯವೂ ನನಗಿರಲಿಲ್ಲ.

ಒಂದು ದಾರಿ ಇತ್ತು. ಅದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಕ್ಲೌಡಿನಲ್ಲಿ ಫೈಲಿನ ಹೆಸರು ಬದಲಿಸುವುದೆಂದರೆ ಹೊಸ ಹೆಸರಿಗೆ ನಕಲು ಮಾಡಿ ಹಳೆಯದನ್ನು ಅಳಿಸುವುದು. ಎರಡು ಸಾಲಿನ ಕೋಡು. ಕೀ ನನ್ನ ಕೈಯಲ್ಲಿತ್ತು. ಕರ್ಕೇರ ಇದ್ದಲ್ಲಿ ಬೇರೊಂದು ಬರಿ ಬರೆದರೆ ಲೀಲಾಧರಣ್ಣನಿಗಾಗಲಿ, ಅಮ್ಮನಿಗಾಗಲಿ, ಸ್ವತಃ ಶೈಲೇಶನಿಗಾಗಲಿ ತಿಳಿಯುವುದಿಲ್ಲ. ಆ ಎರಡು ಸಾಲು ಬರೆದೆ. ಬೆರಳು ಎಂಟರ್ ಮೇಲಿತ್ತು. ಅಮ್ಮ ಚಾ ತಂದು ಪಕ್ಕದಲ್ಲಿಟ್ಟು, "ಭಾನುವಾರವೂ ಕೆಲಸವಾ ಮಗಾ" ಎಂದು ನನ್ನ ತಲೆ ಸವರಿ ಹೋದರು.

ಎರಡೂ ಸಾಲು ಅಳಿಸಿದೆ. ಚಾ ಆರಿಹೋಯಿತು. ಅತ್ತುಬಿಟ್ಟೆ. ಸದ್ದು ಬಾರದ ಹಾಗೆ ಅಳುವುದು ಒಂದೇ ರೂಮಿನ ಮನೆಯಲ್ಲಿ ಬೆಳೆದವರಿಗೆ ಚೆನ್ನಾಗಿ ಗೊತ್ತು.

---

ಆಮೇಲಿನ ಎರಡು ಶನಿವಾರ ನಾನು ವರ್ತಕ ನಗರಕ್ಕೆ ಹೋಗಲಿಲ್ಲ.

"ಇವತ್ತು ಬರುದಿಲ್ವಾ?" ಎಂದು ಅವನ ಮೆಸೇಜು.

"ಉಳಿದದ್ದು ನೀವೇ ಅಪ್‌ಲೋಡ್ ಮಾಡಬಹುದು. ನಾನು ಬರುವ ಅಗತ್ಯ ಇಲ್ಲ."

"ಬೇಜಾರಾ?"

ಉತ್ತರಿಸಲಿಲ್ಲ. ಓದಿದ್ದೇನೆ ಎಂಬ ನೀಲಿ ಗೆರೆ ಮಾತ್ರ ಅವನಿಗೆ ಹೋಗಿರಬೇಕು. ಎರಡು ದಿನ ಬಿಟ್ಟು ಇನ್ನೊಂದು ಮೆಸೇಜು. "ನಾನು ಏನಾದ್ರೂ ತಪ್ಪು ಮಾಡಿದ್ರೆ ಹೇಳಿ. ಸ್ಟುಡಿಯೋದವ ಅಂತಾದ್ರೆ ಅದೂ ಹೇಳಿ."

ಆ ಕೊನೆಯ ಸಾಲು ನನ್ನ ಎದೆಗೆ ನಾಟಿತು. ಅವನು ಹಾಗೆ ತಿಳಿದುಕೊಂಡು ಕೂತಿರುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ನಿಜ ಹೇಳಿಬಿಡಬೇಕು, ಹೇಳಿದ ಮೇಲೆ ಹಿಂದಕ್ಕೆ ಬರುವ ದಾರಿಯನ್ನೂ ಮುಚ್ಚಿಬಿಡಬೇಕು. ಆಗಸ್ಟ್ ಇಪ್ಪತ್ತೊಂಬತ್ತು ಶನಿವಾರ, ರಾಖಿ. ಡೊಂಬಿವಲಿಯ ಫಡಕೆ ರೋಡಿನಲ್ಲಿ ಸಾಲು ಸಾಲಾಗಿ ರಾಖಿ ತೂಗುಹಾಕಿದ್ದರು. ಜರಿ ಇಲ್ಲದ, ಮಣಿ ಇಲ್ಲದ, ಬರೀ ಕೆಂಪು ದಾರದ್ದೊಂದು ಕೊಂಡೆ.

ಟ್ರೈನ್ ತುಂಬ ಹೊಸ ಸೀರೆಯ ಅಕ್ಕತಂಗಿಯರು, ಮಡಿಲಲ್ಲಿ ಮಿಠಾಯಿ ಡಬ್ಬಿ. ಎಲ್ಲರೂ ಅಣ್ಣನ ಮನೆಗೆ ಹೋಗುವವರೇ. ಪಕ್ಕದಲ್ಲಿ ಕೂತ ಹೆಂಗಸು ನನ್ನ ಕೈಯಲ್ಲಿದ್ದ ರಾಖಿ ನೋಡಿ ಮರಾಠಿಯಲ್ಲಿ, "ಅಣ್ಣ ಎಲ್ಲಿರ್ತಾನೆ?" ಎಂದು ಕೇಳಿದಳು. ಠಾಣೆ ಎಂದೆ. ಕಳವಾ ಸ್ಟೇಷನ್ ಬಳಿಯ ಹಿನ್ನೀರಿನ ಖಾಡಿಯ ಮೇಲೆ ಬಿಸಿಲು ಬಿದ್ದಿತ್ತು, ನೀರು ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ಚೆಂದದ ದಿನವನ್ನು ಇಂಥ ಕೆಲಸಕ್ಕೆ ಹಾಳುಮಾಡುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಸ್ಟುಡಿಯೋದಲ್ಲಿ ಅಣ್ಣ ತಂಗಿ ಜೋಡಿಯೊಂದು ಫೋಟೋ ತೆಗೆಸಿಕೊಂಡು ಹೊರಟಿತ್ತು. ಶೈಲೇಶ್ ನನ್ನನ್ನು ನೋಡಿದ. ಮೊದಲು ಅವನ ಕಣ್ಣು ಅರಳಿತು. ಆಮೇಲೆ ನನ್ನ ಕೈಯ ಕಡೆ ಇಳಿಯಿತು.

"ಅದು ಎಂತ?"

"ರಾಖಿ."

"ರಾಖಿ ಅಂತ ಕಾಣ್ತದೆ. ಯಾರಿಗೆ?"

"ನಿಮಗೆ."

ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಇಪ್ಪತ್ತೊಂಬತ್ತು ವರ್ಷದ ಗಂಡಸು, ಔಷಧಿಗೆ ಹೆದರುವ ಮಗುವಿನ ಹಾಗೆ ಗೋಡೆಗೆ ಒರಗಿ ನಿಂತ.

"ನೋಡಿ ಮೇಡಂ. ಇಷ್ಟ ಇಲ್ಲ ಅಂತ ಹೇಳಿ, ಚಲೇಗಾ. ಐರೋಳಿಯ ಕಂಪೆನಿಯವಳಿಗೆ ವರ್ತಕ ನಗರದ ಸ್ಟುಡಿಯೋದವ ಬೇಡ ಅಂತ ಹೇಳಿ, ಅದೂ ಚಲೇಗಾ. ಆದ್ರೆ ಇದು ಮಾತ್ರ ಬೇಡ."

"ಶೈಲೇಶ್, ಕೈ ಕೊಡಿ."

"ಕೊಡುದಿಲ್ಲ. ನಾನು ಫಾರ್ಮ್ ಹಾಕಿ ಮೂರು ವಾರ ಆಯ್ತು. ಒಂದು ಮಾತು ಹೇಳ್ಲಿಲ್ಲ ನೀವು. ಅಮ್ಮ ಎರಡು ವರ್ಷದಿಂದ ಹೇಳ್ತಿದ್ರೂ ತುಂಬದವ ನಾನು. ನೀವು ಅದರಲ್ಲಿ ಫೋಟೋ ನೋಡ್ತೀರಿ ಅಂತ ಗೊತ್ತಾದ್ಮೇಲೆ ತುಂಬಿದ್ದು. ಬೇರೆ ಯಾರೂ ನೋಡ್ಲಿಕ್ಕಲ್ಲ. ನೀವೊಬ್ಬರು ನೋಡ್ಲಿ ಅಂತ."

ಅವನ ದನಿ ಏರಲಿಲ್ಲ. ಅದೇ ನನ್ನನ್ನು ಸೋಲಿಸಿತು. 

"ನನಗೆ ನಿಮ್ಮ ಫೋಟೋ ಕಾಣಲೇ ಇಲ್ಲ" ಎಂದೆ. "ಸರ್ವರ್ ತೋರಿಸ್ಲಿಲ್ಲ. ಯಾಕೆಂದ್ರೆ ನೀವು ಕರ್ಕೇರ ಬರಿ. ನಾನೂ ಕರ್ಕೇರ. ಒಂದೇ ಬರಿಯವರು ಅಣ್ಣ ತಂಗಿ. ಇಲ್ಲದಿದ್ದರೆ... ಇಲ್ಲದಿದ್ದರೆ ನಾನು ಈ ದಾರ ಹಿಡ್ಕೊಂಡು ಯಾಕೆ ಬರ್ತಿದ್ದೆ. ನನಗೂ ನೀವೇ ಬೇಕಿತ್ತು."

ಹೇಳಿಬಿಟ್ಟೆ. ಹೊರಗೆ ರಿಕ್ಷಾ ಒಂದು ಹಾರ್ನ್ ಹೊಡೆಯುತ್ತಾ ಹೋಯಿತು. ಶೈಲೇಶ್ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ನೀವು ಸುವರ್ಣ ಅಲ್ವಾ?"

"ಸುವರ್ಣ ಅಪ್ಪನದು. ಬರಿ ಅಮ್ಮನದು ಅಲ್ವಾ ಬರುವುದು."

"ಅಮ್ಮನದಾ?"

"ಮತ್ತೆ ಯಾರದು?"

"ನಾನು ಪಪ್ಪಂದು ಹಾಕಿದ್ದು" ಎಂದ. ಬೆನ್ನ ಹಿಂದಿನ ಕೈ ಇನ್ನೂ ಹಾಗೇ ಇತ್ತು. "ಫಾರ್ಮಲ್ಲಿ ಹೆಸರು, ತಂದೆ ಹೆಸರು, ಅಡ್ಡಹೆಸರು, ಅದರ ಕೆಳಗೆ ಬರಿ ಅಂತ ಇತ್ತು. ಇಲ್ಲಿ ಸ್ಕೂಲಿಂದ ಎಲ್ಲ ಫಾರ್ಮಲ್ಲೂ ಪಪ್ಪನ ಕಡೆದೇ ಬರೆದು ಅಭ್ಯಾಸ. ಪಪ್ಪನಿಗೆ ಫೋನ್ ಮಾಡಿ, ನಿಮ್ಮ ಬರಿ ಎಂತ ಅಂತ ಕೇಳಿದೆ. ಕರ್ಕೇರ ಅಂದ್ರು. ಬರೆದೆ."

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಮಹಾರಾಷ್ಟ್ರದಲ್ಲಿ ಹುಟ್ಟಿದ ಮಗುವಿನ ಹೆಸರಿನ ಹಿಂದೆಯೇ ಅಪ್ಪನ ಹೆಸರು ನಡೆದು ಬರುತ್ತದೆ. ರೇಷನ್ ಕಾರ್ಡಿನಿಂದ ಟ್ರೈನಿನ ಪಾಸಿನವರೆಗೆ ಎಲ್ಲಿಯೂ ಅಮ್ಮನನ್ನು ಯಾರೂ ಕೇಳುವುದಿಲ್ಲ. ಈ ಹುಡುಗನೂ ಕೇಳಿರಲಿಲ್ಲ. ನನ್ನ ಕೋಡು ಸರಿಯೇ ಇತ್ತು, ಒಳಗೆ ಹಾಕಿದ್ದು ತಪ್ಪು. ಇಂಥ ಮಕ್ಕಳು ಆ ಇನ್ನೂರ ಹದಿನಾಲ್ಕರಲ್ಲಿ ಇನ್ನೆಷ್ಟು ಇದ್ದಾರೋ ಎಂದು ಒಂದು ಕ್ಷಣ ಹೊಳೆಯಿತು. ಆದರೆ ಆ ಹೊತ್ತಿಗೆ ನನಗೆ ಬೇಕಾದದ್ದು ಒಬ್ಬನ ಲೆಕ್ಕ ಮಾತ್ರ.

"ನಿಮ್ಮ ಪಪ್ಪ ಊರಲ್ಲಿ ಹುಟ್ಟಿ ಬೆಳೆದವರಲ್ವಾ? ಅವರ ಬರಿ ಅವರಿಗೆ ಸರಿಯಾಗಿ ಗೊತ್ತಿರ್ತದೆ?"

"ಪಪ್ಪ ಅದರಲ್ಲಿ ತಪ್ಪುದಿಲ್ಲ."

"ಹಾಗಾದ್ರೆ ಕೇಳಿ. ಒಂದೇ ಬರಿಯವರಿಗೆ ಮದುವೆ ಇಲ್ಲ. ನಿಮ್ಮ ಪಪ್ಪ ಕರ್ಕೇರ. ಅಂದ ಮೇಲೆ ನಿಮ್ಮ ಅಮ್ಮ ಕರ್ಕೇರ ಆಗಿರ್ಲಿಕ್ಕೆ ಸಾಧ್ಯವೇ ಇಲ್ಲ, ಅವರ ಮದುವೆಯೇ ಆಗ್ತಿರ್ಲಿಲ್ಲ. ಅಮ್ಮ ಅಲ್ಲ ಅಂದ್ರೆ ನೀವೂ ಅಲ್ಲ."

ಅವನು ನಿಧಾನವಾಗಿ ಬೆನ್ನ ಹಿಂದಿನಿಂದ ಕೈ ತೆಗೆದ.

"ಮತ್ಲಬ್?"

"ಮತ್ಲಬ್, ನೀವು ನನ್ನ ಅಣ್ಣ ಅಲ್ಲ."

 ಬಿಳಿ ಕೊಡೆಯ ಲೈಟು ಉರಿಯುತ್ತಲೇ ಇತ್ತು. ಅವನ ಮುಖದ ಮೇಲೆ ಬೆಳಕು ಎಲ್ಲೆಲ್ಲಿ ಬಿದ್ದಿದೆ ಎಂದು ಈ ಸಲ ನಾನು ಅವಸರವಿಲ್ಲದೆ ನೋಡಿದೆ. ಅಂದು ಏಳು ಸಲ ಎಂದು ಎಣಿಸಿದವನು ಈಗ ಎಣಿಸುವುದನ್ನು ಬಿಟ್ಟಿದ್ದ.

ಅವನು ಇದ್ದಕ್ಕಿದ್ದಂತೆ ಶಟರ್ ಅರ್ಧಕ್ಕೆ ಎಳೆದ.

"ನಡೀರಿ, ಮನೆಗೆ. ಹಿಂದಿನ ಬಿಲ್ಡಿಂಗೇ. ಅಮ್ಮನ ಬಾಯಿಂದಲೇ ಕೇಳುವ. ನನಗೆ ಇನ್ನು ಯಾವ ಫಾರ್ಮ್ ಮೇಲೂ ಭರವಸೆ ಇಲ್ಲ."

---

ಅವನ ಅಮ್ಮ ಹರಿಣಾಕ್ಷಿ ಆಂಟಿ ಅಡುಗೆಮನೆಯಲ್ಲಿ ಪತ್ರೊಡೆ ಬೇಯಿಸುತ್ತಿದ್ದರು. ಕೆಸುವಿನ ಎಲೆಯ ಘಮ ಮೆಟ್ಟಿಲಿನ ತನಕ ಬಂದಿತ್ತು. ಮಗನ ಹಿಂದೆ ನನ್ನನ್ನು ನೋಡಿ, ಸೆರಗಿಗೆ ಕೈ ಒರೆಸಿಕೊಂಡು, "ಬಲೆ, ಕುಳ್ಳುಲೆ" ಎಂದು ತುಳುವಿನಲ್ಲೇ ಕರೆದು ಕುರ್ಚಿ ಎಳೆದರು. ನಾನು ಯಾರೆಂದು ಕೇಳಲಿಲ್ಲ. ಗೊತ್ತಿತ್ತು ಎಂದು ಅವರ ನಗುವೇ ಹೇಳಿತು.

"ಅಮ್ಮ, ನಮ್ಮ ಬರಿ ಯಾವುದು?" ಶೈಲೇಶ್ ನಿಂತಲ್ಲಿಂದಲೇ ಕೇಳಿದ.

"ಇಪ್ಪತ್ತೊಂಬತ್ತು ವರ್ಷಕ್ಕೆ ಈಗ ಕೇಳುದಾ?" ಎಂದರು ಆಂಟಿ. "ಕೋಟ್ಯಾನ್."

 ಲೆಕ್ಕದಲ್ಲಿ ಗೊತ್ತಿದ್ದದ್ದು ಬೇರೆ, ಒಬ್ಬ ತಾಯಿಯ ಬಾಯಿಂದ ಕೇಳುವುದು ಬೇರೆ.

"ನಿನ್ನದು ಯಾವ ಬರಿ ಮಗಾ?" ಆಂಟಿ ನನ್ನ ಕಡೆ ತಿರುಗಿದರು.

"ಕರ್ಕೇರ."

ಸೆರಗು ಸರಿಮಾಡುತ್ತಿದ್ದ ಅವರ ಕೈ ಅಲ್ಲೇ ನಿಂತಿತು.  ಇನ್ನು ಯಾವ ಕಟ್ಟಳೆ ಬಾಕಿ ಇದೆಯೋ ದೇವರೇ ಎಂದುಕೊಂಡೆ.

"ಕರ್ಕೇರವಾ? ಅದು ಇವನ ಪಪ್ಪನ ಬರಿ ಅಲ್ವಾ" ಎಂದರು ನಿಧಾನವಾಗಿ. "ಹಾಗಾದ್ರೆ ನೀನು ಅವರ ತಂಗಿಯ ಮಗಳ ಲೆಕ್ಕ. ಇವನಿಗೆ ಅತ್ತೆಮಗಳು."

ಆಮೇಲೆ ಅವರ ಕಣ್ಣು ನನ್ನ ಮುಷ್ಟಿಯಲ್ಲಿದ್ದ ಕೆಂಪು ದಾರದ ಮೇಲೆ ಬಿತ್ತು. ಬೆರಳು ಬಿಡಿಸಿ ಅದನ್ನು ತೆಗೆದುಕೊಂಡರು. ತಿರುಗಿಸಿ ನೋಡಿದರು.

"ಅತ್ತೆಮಗಳು ರಾಖಿ ಕಟ್ಟುದುಂಟಾ? ನಿಮಗೆ ಇಬ್ಬರಿಗೂ ಎಂತ ಮರ್ಲು" ಎಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು.

ನನ್ನ ಮುಖ ಕಿವಿಯವರೆಗೆ ಬಿಸಿಯಾಗಿತ್ತು. ಇಪ್ಪತ್ತು ದಿನ ಅಣ್ಣ ಎಂದು ಯಾರನ್ನು ನೆನೆದು ಅತ್ತಿದ್ದೆನೋ, ಅವನು ಹುಟ್ಟಿದಾಗಿನಿಂದ ನನಗೆ ಮದುವೆಗೆ ಸಲ್ಲುವವನೇ ಆಗಿದ್ದ. ಆದರೆ ಇದೊಂದೂ ತಲೆಗೆ ಹೋಗದ ಶೈಲೇಶ್ ಇನ್ನೂ ಗಾಬರಿಯಲ್ಲೇ ಇದ್ದ. ಹತ್ತಿರ ಬಂದು ಪಿಸುಗುಟ್ಟಿದ.

"ಅತ್ತೆಮಗಳು ಅಂದ್ರೆ ಮರಾಠಿಯಲ್ಲಿ ಆತೆಬಹೀಣ್. ಮತ್ತೆ ತಂಗಿಯೇ ಆಯ್ತಲ್ಲ ಮೇಡಂ?"

"ಅದು ಮರಾಠಿಯವರಿಗೆ. ನಮ್ಮಲ್ಲಿ ಅಲ್ಲ."

"ನಮ್ಮಲ್ಲಿ ಎಂತ ಆಗ್ತದೆ?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಕಣ್ಣಿನಲ್ಲಿ ಕೀಟಲೆಯ ಸುಳಿವೂ ಇರಲಿಲ್ಲ, ಬರೀ ಭಯ. ಹಾಗಾಗಿ ಅದನ್ನೂ ನಾನೇ ಹೇಳಬೇಕಾಯಿತು.

"ನಮ್ಮಲ್ಲಿ ಅತ್ತೆಮಗಳು ಅಂದ್ರೆ ಮದುವೆ ಆಗ್ಬಹುದಾದವಳು. ಬೇರೆ ಯಾರಿಗಿಂತ ಮೊದಲು ಅವಳನ್ನೇ ಕೇಳುವುದು."

ಈಗ ಕೀಟಲೆ ಬಂತು. ಮೊದಲು ತುಟಿಯ ತುದಿಗೆ, ಆಮೇಲೆ ಕಣ್ಣಿಗೆ. ಅವನು ಕೈ ಚಾಚಿದ, ಅಂಗೈ ಮೇಲೆ ಮಾಡಿ.

"ಹಾಗಾದ್ರೆ ಕೇಳ್ತಾ ಇದ್ದೇನೆ. ಆಗ್ತೀಯಾ?"

ಮೊದಲ ಸಲ ಅವನು ನನ್ನನ್ನು ಏಕವಚನದಲ್ಲಿ ಕರೆದದ್ದು ಆಗಲೇ. ನಾನು ಅವನ ಕೈಯಲ್ಲಿ ಕೈ ಇಟ್ಟು, ಆಗುತ್ತೇನೆ ಎಂದೆ.